ತಿಂಗಳು ತಿಂಗಳು ಜಾತ್ರೆ ಬೇಡ, ಸಂತೆ ಸಾಕು

ಕೊಪ್ಪಳದ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಪತ್ರದ ಸಾರ ಇಷ್ಟು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು, ಈಗ ಊರಲ್ಲೇ ಇದ್ದು ಮನೆಯಿಂದ ಕೆಲಸ ಮಾಡುತ್ತಾರೆ. ಕಳೆದ ವರ್ಷ ಇಲ್ಲಿನ ಡೆವಲಪರ್‌ಗಳಿಗೆ, ಅಂದರೆ ಪ್ರೋಗ್ರಾಂ ಬರೆಯುವವರಿಗೆ ಅಂತ ಒಂದು ಗುಂಪು ಶುರು ಮಾಡಿದರು. ಮೊದಲ ಸಭೆಗೆ ಹಾಲ್ ತುಂಬಿತ್ತು. ಈಗ ಆರೇಳು ಜನ ಬಂದರೆ ಹೆಚ್ಚು. ಬೆಂಗಳೂರಿನಿಂದ ಮಾತಾಡೋಕೆ ಬನ್ನಿ ಅಂದರೆ ಯಾರೂ ಒಪ್ಪುವುದಿಲ್ಲ, ಒಪ್ಪಿದವರು ಕೊನೇ ಗಳಿಗೆಯಲ್ಲಿ ಕೈಕೊಡುತ್ತಾರೆ. ಹುಡುಗರು ಓದು ಮುಗಿದ ಕೂಡಲೇ ಊರು ಬಿಡುತ್ತಾರೆ. 'ಗುಂಪು ಮುಚ್ಚಿಬಿಡಲಾ, ಆನ್‌ಲೈನ್ ಮಾಡಲಾ, ಇಲ್ಲಾ ಯಾರಾದರೂ ಸ್ಪಾನ್ಸರ್ ಹಿಡಿಯಲಾ?' ಅಂತ ಕೇಳಿದ್ದಾರೆ. ಪತ್ರ ಉದ್ದ ಇತ್ತು, ಉತ್ತರವೂ ಉದ್ದವಾಗಿದೆ. ಕಂಪ್ಯೂಟರ್ ಗೊಡವೆ ಬೇಡ ಅನ್ನುವವರು ಸೀದಾ ಮುಂದಿನ ಪುಟಕ್ಕೆ ಹೋಗಬಹುದು.

ಗೆಳೆಯರೇ,

ಮುಚ್ಚಬೇಡಿ. ಆನ್‌ಲೈನೂ ಮಾಡಬೇಡಿ. ಸ್ಪಾನ್ಸರ್ ವಿಷಯ ಆಮೇಲೆ ಹೇಳುತ್ತೇನೆ.

ಮೊದಲು ಆ ತುಂಬಿದ ಹಾಲ್ ಲೆಕ್ಕ ನೋಡೋಣ. ಕಾಲೇಜಿನವರು ಒಂದು ಬಸ್ಸು ಕಳಿಸಿದ್ದರು, ಬಂದವರಿಗೆ ಹಾಜರಿ ಸಿಕ್ಕಿತು, ಸರ್ಟಿಫಿಕೇಟೂ ಸಿಕ್ಕಿತು ಅಂತ ನೀವೇ ಬರೆದಿದ್ದೀರಿ. ಹಾಗಾದರೆ ಅವರು ನಿಮ್ಮ ಗುಂಪಿಗೆ ಬಂದವರಲ್ಲ, ಹಾಜರಿಗೆ ಬಂದವರು. ಮುಂದಿನ ತಿಂಗಳು ಹಾಜರಿ ಇಲ್ಲ ಅಂದಾಗ ಅವರೂ ಇಲ್ಲ. ಇದರಲ್ಲಿ ಬೇಜಾರು ಮಾಡಿಕೊಳ್ಳುವುದು ಏನಿದೆ? ಯಾರೂ ಕರೆತರದೆ, ಏನೂ ಸಿಗದೆ, ಭಾನುವಾರ ತಮ್ಮ ಗಾಡಿಗೆ ತಾವೇ ಪೆಟ್ರೋಲ್ ಹಾಕಿಸಿಕೊಂಡು ಬರುತ್ತಿರುವ ಆ ಆರೇಳು ಜನರೇ ನಿಮ್ಮ ಗುಂಪು. ಮೊದಲ ದಿನವೂ ಬಹುಶಃ ಅಷ್ಟೇ ಇತ್ತು, ಉಳಿದವರ ಗದ್ದಲದಲ್ಲಿ ನಿಮಗೆ ಕಾಣಲಿಲ್ಲ.

ನಮ್ಮ ಊರಿನವರಿಗೆ ಇದು ಹೊಸ ಮಾತಲ್ಲ. ಗವಿಮಠದ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ, ವರ್ಷಕ್ಕೊಮ್ಮೆ. ಸಂತೆಗೆ ಅಷ್ಟು ಜನ ಬರುವುದಿಲ್ಲ, ಆದರೆ ವಾರ ವಾರ ಬರುತ್ತಾರೆ, ಮಾರೋಕೆ ಅಥವಾ ಕೊಳ್ಳೋಕೆ ಏನೋ ಒಂದು ಇಟ್ಟುಕೊಂಡೇ ಬರುತ್ತಾರೆ. ಬೆಂಗಳೂರಿನ ದೊಡ್ಡ ಸಮ್ಮೇಳನಗಳು ಜಾತ್ರೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯವರು ಸೇರುವ, 2009ರಲ್ಲಿ ಅಲ್ಲೇ ಶುರುವಾದ ಪೈಕಾನ್ ಇಂಡಿಯಾ ಥರದವು. ಅವು ಇರಬೇಕು, ಚೆನ್ನಾಗಿರುತ್ತವೆ. ಆದರೆ ನೀವು ಆರೇಳು ಜನರನ್ನಿಟ್ಟುಕೊಂಡು ಪ್ರತಿ ತಿಂಗಳೂ ಜಾತ್ರೆ ಮಾಡೋಕೆ ಹೊರಟಿದ್ದೀರಿ. ಬ್ಯಾನರು, ವೇದಿಕೆ, ಹೊರಗಿನ ಅತಿಥಿ, ಶಾಲು, ನೆನಪಿನ ಕಾಣಿಕೆ. ಸುಸ್ತಾಗದೆ ಇನ್ನೇನಾಗುತ್ತದೆ?

ಹುಡುಗರು ಊರು ಬಿಡುತ್ತಾರೆ ಅನ್ನುವ ದೂರು ನಿಮ್ಮದೊಬ್ಬರದ್ದೇ ಅಲ್ಲ. ನಾಟಕದ ತಂಡ, ಕ್ರಿಕೆಟ್ ತಂಡ, ಓದುಗರ ಬಳಗ, ಎಲ್ಲರದ್ದೂ ಅದೇ. ಅವರು ಹೋಗಲಿ, ಹೋಗಬೇಕು ಕೂಡ. ನನ್ನ ತಕರಾರು ಬೇರೆ. ನೀವು ಇಡೀ ಗುಂಪನ್ನು ಹೋಗುವವರಿಗಾಗಿಯೇ ಕಟ್ಟಿದ್ದೀರಿ. ನಡೆದ ಸಭೆಗಳ ಪಟ್ಟಿ ಕಳಿಸಿದ್ದೀರಲ್ಲ, ಅದನ್ನೇ ನೋಡಿ: ಸಂದರ್ಶನಕ್ಕೆ ತಯಾರಿ ಹೇಗೆ, ರೆಸ್ಯೂಮೆ ಬರೆಯೋದು ಹೇಗೆ, ಕ್ಲೌಡ್‌ನಲ್ಲಿ ಕೆಲಸ ಹಿಡಿಯೋದು ಹೇಗೆ. ಎಲ್ಲವೂ ಊರಿನಿಂದ ಹೊರಗೆ ಹೋಗುವ ದಾರಿಗಳು. ಇಲ್ಲೇ ಇರುವವರಿಗೆ ಒಂದೂ ಇಲ್ಲ.

ಇಲ್ಲೇ ಇರುವವರು ಯಾರು? ಸುಮ್ನೆ ಒಮ್ಮೆ ಸುತ್ತ ನೋಡಿ. ಗಂಗಾವತಿ, ಕಾರಟಗಿಯ ರೈಸ್ ಮಿಲ್ಲುಗಳಲ್ಲಿ ಲೆಕ್ಕ ಮತ್ತು ತೂಕದ ಸಾಫ್ಟ್‌ವೇರ್ ನೋಡಿಕೊಳ್ಳುವವರಿದ್ದಾರೆ. ಜಿಎಸ್‌ಟಿ ಕಟ್ಟುವ ಕಚೇರಿಗಳಲ್ಲಿ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯ ಒಳಹೊರಗು ಗೊತ್ತಿರುವವರಿದ್ದಾರೆ. ಗಿಣಿಗೇರಿ ಕಡೆಯ ಕಾರ್ಖಾನೆಗಳಲ್ಲಿ ಯಂತ್ರಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್, ಪಿಎಲ್‌ಸಿಗೆ ಪ್ರೋಗ್ರಾಂ ಹಾಕುವವರಿದ್ದಾರೆ, ಅವರನ್ನು ಯಾರೂ ಡೆವಲಪರ್ ಅಂತ ಕರೆದಿಲ್ಲ, ಅವರೂ ಹಾಗೆ ಅಂದುಕೊಂಡಿಲ್ಲ, ಆದರೆ ಅವರ ಪ್ರೋಗ್ರಾಂ ತಪ್ಪಿದರೆ ನಿಲ್ಲುವುದು ವೆಬ್‌ಸೈಟ್ ಅಲ್ಲ, ಓಡುತ್ತಿರುವ ಯಂತ್ರ. ಡಿಪ್ಲೊಮಾ ಕಾಲೇಜಿನ ಮೇಷ್ಟ್ರಿದ್ದಾರೆ. 2020ರ ನಂತರ ನಿಮ್ಮ ಹಾಗೆ ಊರಿಗೆ ಬಂದು ಲ್ಯಾಪ್‌ಟಾಪ್ ತೆರೆದು ಕೂತವರಿದ್ದಾರೆ. ಡಿಟಿಪಿ ಅಂಗಡಿಯವರಿದ್ದಾರೆ.

ಡಿಟಿಪಿ ಅಂದ ಕೂಡಲೇ ನಿಮ್ಮ ಪತ್ರದ ಮೂರನೇ ಪುಟಕ್ಕೆ ಬರುತ್ತೇನೆ. ಅಲ್ಲಿ ಒಂದು ಸಾಲು ಇದೆ, ನೀವು ಬೇಜಾರಿನಲ್ಲಿ ಬರೆದದ್ದು. ಹಿಂದಿನ ಸಭೆಗೆ ಯಲಬುರ್ಗಾದಿಂದ ಡಿಟಿಪಿ ಮಾಡುವವರೊಬ್ಬರು ಬಂದಿದ್ದರು, ನುಡಿ ಅನ್ನುವ ಹಳೆಯ ಕನ್ನಡ ಫಾಂಟ್‌ನಲ್ಲಿದ್ದ ವಿಳಾಸದ ಪಟ್ಟಿಯನ್ನು ಈಗ ಎಲ್ಲ ಕಡೆ ಬಳಸುವ ಅಕ್ಷರ ಸಂಕೇತ ಯೂನಿಕೋಡ್‌ಗೆ ಬದಲಿಸಿದ್ದರು, ಅಳಿಯ ಪೈಥಾನ್‌ನಲ್ಲಿ ಬರೆದುಕೊಟ್ಟ ಚಿಕ್ಕ ಪ್ರೋಗ್ರಾಂನಲ್ಲಿ 'ಕೊಪ್ಪಳ' ಅಂತ ಹುಡುಕಿದರೆ ಕೆಲವು ಸಾಲು ಸಿಗುತ್ತವೆ, ಕೆಲವು ಸಿಗಲ್ಲ, ಕಣ್ಣಿಗೆ ಮಾತ್ರ ಎರಡೂ ಒಂದೇ ಥರ ಕಾಣುತ್ತವೆ ಅಂತ ಹೇಳಿ 'ಅರ್ಧ ಗಂಟೆ ತಿಂದರು' ಅಂತ ಬರೆದಿದ್ದೀರಿ. ಅವತ್ತು ಡಾಕರ್ (ಪ್ರೋಗ್ರಾಂ ಅನ್ನು ಅದಕ್ಕೆ ಬೇಕಾದ್ದೆಲ್ಲದರ ಜೊತೆ ಕಟ್ಟಿ ಓಡಿಸುವ ಸಾಧನ) ಬಗ್ಗೆ ಮಾತು ಇತ್ತಂತೆ, ಅದಕ್ಕೆ ಅಡ್ಡಿ ಆಯಿತಂತೆ.

ನಾನು ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಇಡೀ ವರ್ಷದಲ್ಲಿ ನಿಮ್ಮ ಗುಂಪಿಗೆ ಬಂದ ಅತಿ ಒಳ್ಳೆಯ ಪ್ರಶ್ನೆ ಅದು.

ಅಲ್ಲಿ ಆಗಿರುವುದು ಬಹುಶಃ ಇದು. 'ಕೊ' ಅನ್ನುವ ಅಕ್ಷರದಲ್ಲಿರುವ ಒತ್ವವನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು. ಒಂದೇ ಚಿಹ್ನೆಯಾಗಿ ಇಡಬಹುದು, ಅದರ ಯೂನಿಕೋಡ್ ಸಂಖ್ಯೆ 0CCA. ಇಲ್ಲವೇ ಎತ್ವದ ಚಿಹ್ನೆ ಹಾಕಿ ಅದರ ಪಕ್ಕದಲ್ಲಿ ಊತ್ವದ ಕೊಂಬು ಇಡಬಹುದು, ಆಗ ಎರಡು ಚಿಹ್ನೆ. ಪರದೆಯ ಮೇಲೆ ಎರಡೂ 'ಕೊ' ಅಂತಲೇ ಕಾಣುತ್ತವೆ. ಹಳೆಯ ನುಡಿ ಫಾಂಟ್‌ನಲ್ಲಿ ಅಕ್ಷರವನ್ನು ತುಂಡು ತುಂಡಾಗಿ ಜೋಡಿಸುತ್ತಿದ್ದರಲ್ಲ, ಬದಲಿಸುವ ಪ್ರೋಗ್ರಾಂ ಆ ತುಂಡುಗಳನ್ನು ಹಾಗೇ ಬಿಟ್ಟರೆ ಎರಡನೇ ರೀತಿ ಬರುತ್ತದೆ. ಕೈಯಲ್ಲಿ ಟೈಪ್ ಮಾಡಿದ ಸಾಲುಗಳಲ್ಲಿ ಸಾಮಾನ್ಯವಾಗಿ ಮೊದಲನೇ ರೀತಿ ಇರುತ್ತದೆ. ಪೈಥಾನ್‌ಗೆ 'ಕೊಪ್ಪಳ' ಕೊಟ್ಟು ಉದ್ದ ಎಷ್ಟು ಅಂತ ಕೇಳಿ: ಮೊದಲನೆಯದಕ್ಕೆ 6 ಅನ್ನುತ್ತದೆ, ಎರಡನೆಯದಕ್ಕೆ 7. ಅದು ಎಣಿಸುವುದು ಒಳಗಿನ ಚಿಹ್ನೆಗಳನ್ನು, ನಮ್ಮ ಲೆಕ್ಕಕ್ಕೆ ಮೂರೇ ಅಕ್ಷರ! ಹೀಗೆ 6 ಮತ್ತು 7 ಆದ ಮೇಲೆ ಎರಡೂ ಒಂದೇನಾ ಅಂತ ಕೇಳಿದರೆ ಅಲ್ಲ ಅನ್ನದೆ ಇನ್ನೇನು ಹೇಳುತ್ತದೆ. ಒತ್ವ ಒಂದಕ್ಕೇ ಅಲ್ಲ, ಕೀ, ಕೇ, ಕೈ, ಕೊ, ಕೋ ಈ ಐದರಲ್ಲೂ ಇದೇ ಕಥೆ.

ಪರಿಹಾರ ಒಂದು ಸಾಲಿನದ್ದು. ಪೈಥಾನ್ ಜೊತೆಗೇ ಬರುವ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ನಾರ್ಮಲೈಸ್ ಅಂತ ಫಂಕ್ಷನ್ ಇದೆ. ಅದಕ್ಕೆ ಎನ್‌ಎಫ್‌ಸಿ, ಅಂದರೆ ತುಂಡುಗಳನ್ನು ಕೂಡಿಸಿ ಒಂದೇ ಚಿಹ್ನೆ ಮಾಡು, ಅಂತ ಹೇಳಿ ಪಟ್ಟಿಯನ್ನೂ ಹುಡುಕುವ ಪದವನ್ನೂ ಎರಡನ್ನೂ ಹಾಯಿಸಿದರೆ ಎಲ್ಲವೂ ಒಂದೇ ರೂಪಕ್ಕೆ ಬರುತ್ತವೆ. ಆಮೇಲೂ ಒಂದೆರಡು ಸಾಲು ಸಿಗದಿದ್ದರೆ ಒಳಗೆ ಕಣ್ಣಿಗೆ ಕಾಣದ ಜೋಡಕ (ಅಕ್ಷರ ಕೂಡಿಸುವ), ವಿಯೋಜಕ (ಬಿಡಿಸುವ) ಚಿಹ್ನೆಗಳು ಕೂತಿರಬಹುದು. ಅವನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ, ಹುಡುಕುವಾಗ ನಾವೇ ತೆಗೆಯಬೇಕು. ಮೂಲ ಪಠ್ಯದಿಂದ ಮಾತ್ರ ಕಣ್ಣುಮುಚ್ಚಿ ಅಳಿಸಬೇಡಿ, 'ರಾಜ್‌ಕುಮಾರ್' ಅಂತ ಸರಿಯಾಗಿ ಕಾಣಬೇಕಾದರೆ ನಡುವೆ ವಿಯೋಜಕ ಬೇಕು.

ಇದನ್ನು ಒಬ್ಬರು ಪ್ರೊಜೆಕ್ಟರ್ ಮೇಲೆ ಮಾಡಿ ತೋರಿಸಿದ್ದರೆ ಎಷ್ಟು ಹೊತ್ತು? ಇಪ್ಪತ್ತು ನಿಮಿಷ. ಯಲಬುರ್ಗಾದವರ ಕೆಲಸ ಮುಗಿಯುತ್ತಿತ್ತು. ಅಲ್ಲಿ ಕೂತಿದ್ದ ವಿದ್ಯಾರ್ಥಿಗಳು ಯೂನಿಕೋಡ್ ಅಂದರೆ ಏನು ಅಂತ ಪುಸ್ತಕದಲ್ಲಿ ಓದಿದ್ದನ್ನು ಕಣ್ಣಾರೆ ನೋಡುತ್ತಿದ್ದರು. ನಿಮಗೂ, ಬೆಂಗಳೂರಿನ ಕಂಪನಿಯ ಕೆಲಸದಲ್ಲಿ, ಇದು ಒಂದು ದಿನ ಉಪಯೋಗಕ್ಕೆ ಬರುತ್ತಿತ್ತು. ಡಾಕರ್ ಕಲಿಸುವ ವಿಡಿಯೊ ಸಾವಿರ ಇವೆ, ಅವನ್ನು ನೋಡೋಕೆ ಯಾರೂ ಮನೆ ಬಿಟ್ಟು ಬರಬೇಕಾಗಿಲ್ಲ.

ಇಂಥ ಗುಂಪುಗಳು ಹುಟ್ಟಿದ್ದೇ ಹೀಗೆ. ಐಬಿಎಂ 704 ಅನ್ನುವ ದೊಡ್ಡ ಕಂಪ್ಯೂಟರ್ ತರಿಸಿಕೊಳ್ಳಲು ಹೊರಟಿದ್ದ ಅಮೆರಿಕದ ಕಂಪನಿಗಳ ಜನ 1955ರಲ್ಲಿ ಲಾಸ್ ಏಂಜಲೀಸ್ ಕಡೆ ಸೇರಿ 'ಶೇರ್' ಅಂತ ಒಂದು ಗುಂಪು ಮಾಡಿಕೊಂಡರು. ಅದೇ ಪ್ರೋಗ್ರಾಂ ಅನ್ನು ಎಲ್ಲರೂ ತಮ್ಮ ತಮ್ಮ ಕಡೆ ಕೂತು ಯಾಕೆ ಬರೆಯಬೇಕು, ಹಂಚಿಕೊಳ್ಳೋಣ ಅನ್ನುವುದಷ್ಟೇ ಅವರ ತಲೆಯಲ್ಲಿದ್ದದ್ದು. ಆಮೇಲೆ 1975ರ ಮಾರ್ಚ್ 5ರಂದು ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್‌ನಲ್ಲಿ ಗಾರ್ಡನ್ ಫ್ರೆಂಚ್ ಎಂಬುವರ ಮನೆಯ ಗ್ಯಾರೇಜಿನಲ್ಲಿ ಕಂಪ್ಯೂಟರ್ ಹವ್ಯಾಸಿಗಳ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ ಮೊದಲ ಸಲ ಸೇರಿತು. ಆಪಲ್ ಕಂಪನಿ ಶುರು ಮಾಡಿದವರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ ಆಪಲ್-1 ಕಂಪ್ಯೂಟರಿನ ನಕ್ಷೆ ಹಂಚಿದ್ದು ಆ ಕ್ಲಬ್ಬಿನವರಿಗೇ. ನಕ್ಷೆಗೆ ದುಡ್ಡು ತಗೊಳ್ಳಲಿಲ್ಲ.

ಆ ಕ್ಲಬ್ಬಿನ ಸಭೆ ನಡೆಯುತ್ತಿದ್ದ ರೀತಿ ನಿಮಗೆ ಹೇಳಿ ಮಾಡಿಸಿದ ಹಾಗಿದೆ. ಜನ ಜಾಸ್ತಿಯಾದ ಮೇಲೆ ಸದಸ್ಯರಲ್ಲೊಬ್ಬರಾದ ಲೀ ಫೆಲ್ಸೆನ್‌ಸ್ಟೈನ್ ಅದನ್ನು ನಡೆಸುತ್ತಿದ್ದರು. ಮೊದಲು ಒಬ್ಬೊಬ್ಬರೇ ಎದ್ದು ನಿಂತು ನನ್ನ ಹತ್ತಿರ ಇಂಥದ್ದು ಇದೆ, ನನಗೆ ಇಂಥದ್ದು ಬೇಕು ಅಂತ ಹೇಳಬೇಕು. ಆಮೇಲೆ ಎಲ್ಲರನ್ನೂ ಬಿಟ್ಟುಬಿಡುವುದು, ಯಾರ ಮಾತು ಕಿವಿಗೆ ಬಿತ್ತೋ ಅವರನ್ನು ಹುಡುಕಿಕೊಂಡು ಹೋಗಿ ಮಾತಾಡುವುದು. ನೀವೂ ಹಾಗೇ ಮಾಡಿ. ಶುರುವಿನಲ್ಲಿ ತಲಾ ಒಂದು ನಿಮಿಷ, ಇದೆ ಮತ್ತು ಬೇಕು. ನಂತರ ಬಂದವರಲ್ಲೇ ಒಬ್ಬರು ತಮ್ಮ ಕೆಲಸದ್ದು ಏನಾದರೂ ತೆರೆದು ತೋರಿಸಲಿ, ಅರ್ಧ ಗಂಟೆ ಮೀರದಂತೆ. ಕೆಟ್ಟಿದ್ದು, ಅರ್ಧಕ್ಕೆ ನಿಂತದ್ದು ಆದರೂ ಸರಿ, ಹಾಗಿದ್ದರೇ ಒಳ್ಳೆಯದು. ಆಮೇಲೆ ಚಹಾ, ಮಿರ್ಚಿ, ಮಂಡಾಳ ಒಗ್ಗರಣೆ. ನಿಜವಾದ ಸಭೆ ನಡೆಯುವುದು ಆಗಲೇ, ಹಾಗಾಗಿ ಆ ಹೊತ್ತಿಗೆ 'ವಂದನಾರ್ಪಣೆ' ಅಂತ ಮೈಕ್ ಹಿಡಿಯಬೇಡಿ. ಮೈಕೇ ಬೇಡ ಅನ್ನಿ, ಏಳು ಜನಕ್ಕೆ ಯಾಕೆ?

ಮಾತು ಕನ್ನಡದಲ್ಲಿರಲಿ. ಫಂಕ್ಷನ್‌ಗೆ ಫಂಕ್ಷನ್ ಅಂತಲೇ ಅನ್ನಿ, ಯಾರೂ ಜಗಳಕ್ಕೆ ಬರಲ್ಲ. ನಿಮ್ಮ ಪೋಸ್ಟರ್‌ಗಳೆಲ್ಲ ಇಂಗ್ಲಿಷಿನಲ್ಲಿವೆ, ಅದನ್ನು ನೋಡಿದ ರೈಸ್ ಮಿಲ್ಲಿನವರು ಇದು ನಮಗಲ್ಲ ಅಂತ ದಾಟಿ ಹೋಗಿರುತ್ತಾರೆ.

ದಿನ ಒಂದೇ ಇರಲಿ. ಎರಡನೇ ಭಾನುವಾರ ಅಂದರೆ ಪ್ರತಿ ತಿಂಗಳೂ ಎರಡನೇ ಭಾನುವಾರ, ಅತಿಥಿ ಬರಲಿ ಬಿಡಲಿ, ಮಳೆ ಬರಲಿ ಬಿಡಲಿ. ನೀವು ಕಳೆದ ವರ್ಷ ಅತಿಥಿಯ ಅನುಕೂಲ ನೋಡಿ ದಿನ ಬದಲಿಸುತ್ತಾ ಹೋಗಿದ್ದೀರಿ, ಜನ ಯಾವುದನ್ನು ನೆನಪಿಟ್ಟುಕೊಳ್ಳಬೇಕು? ಬೇಸಿಗೆಯಲ್ಲಿ ನಮ್ಮ ಕಡೆ ಮಧ್ಯಾಹ್ನ ಮೂರು ಗಂಟೆಗೆ ಕರೆಯುವುದು ಅನ್ಯಾಯ, ಬೆಳಿಗ್ಗೆ ಒಂಬತ್ತಕ್ಕೆ ಮಾಡಿ. ಕರೆಂಟ್ ಹೋದರೆ ಪ್ರೊಜೆಕ್ಟರ್ ಇಲ್ಲದೆಯೂ ನಡೆಯುವ ಮಾತು ಒಂದು ಕೈಯಲ್ಲಿರಲಿ.

ಹೆಣ್ಣುಮಕ್ಕಳು ಬರುತ್ತಿಲ್ಲ ಅಂತ ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ಸಭೆ ಮುಗಿಯುವುದು ಎಷ್ಟು ಹೊತ್ತಿಗೆ ಅಂತ ನೋಡಿದರೆ ಸಂಜೆ ಏಳೂವರೆ. ಶಕ್ತಿ ಯೋಜನೆ ಬಂದ 2023ರಿಂದ ಕುಷ್ಟಗಿಯಿಂದಲೋ ಕುಕನೂರಿನಿಂದಲೋ ಬರೋಕೆ ಅವರಿಗೆ ಬಸ್ ಚಾರ್ಜಿನ ಚಿಂತೆ ಇಲ್ಲ, ತಿರುಗಿ ಹೋಗುವ ಬಸ್ಸಿನದ್ದೇ ಚಿಂತೆ. ಹಳ್ಳಿಯ ಬಸ್ಸುಗಳ ವೇಳೆ ನೋಡಿ ಸಭೆಯ ವೇಳೆ ಇಡಿ. ಮೊದಲ ಸಲ ಬಂದ ಹುಡುಗಿ ಆರೇಳು ಗಂಡಸರ ನಡುವೆ ಒಬ್ಬಳೇ ಕೂರಬಾರದು, ಮೊದಲೇ ಇಬ್ಬರು ಮೂವರು ಮೇಡಂಗಳಿಗೆ ಫೋನ್ ಮಾಡಿ ಕರೆಯಿರಿ. ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ಯಾರಿಗೆ ಹೇಳಬೇಕು ಅನ್ನುವುದನ್ನು ಗೋಡೆಗೆ ಬರೆದು ಹಚ್ಚಿ, ಒಂದು ಗಂಡು ಹೆಸರು, ಒಂದು ಹೆಣ್ಣು ಹೆಸರು.

ಆನ್‌ಲೈನ್ ಯಾಕೆ ಬೇಡ ಅಂದೆ ಅಂದರೆ, ಅಲ್ಲಿ ನೀವು ಇಡೀ ಪ್ರಪಂಚದ ಜೊತೆ ಪೈಪೋಟಿ ಮಾಡಬೇಕು. ಕೊಪ್ಪಳದಲ್ಲಿ ನಿಮಗೆ ಪೈಪೋಟಿಯೇ ಇಲ್ಲ. ವಾಟ್ಸಾಪ್ ಗುಂಪು ಇರಲಿ, ದಿನ ಸ್ಥಳ ತಿಳಿಸೋಕೆ. ಶುಭೋದಯದ ಹೂವುಗಳಿಗೆ ಅಲ್ಲ.

ಈಗ ಸ್ಪಾನ್ಸರ್. ಒಂದು ಕೋಚಿಂಗ್ ಸೆಂಟರಿನವರು ಹಾಲ್ ಬಾಡಿಗೆ, ಊಟ ಎಲ್ಲ ಕೊಡುತ್ತೇವೆ, ಬಂದವರ ಫೋನ್ ನಂಬರ್ ಪಟ್ಟಿ ಕೊಡಿ ಅಂದಿದ್ದಾರಂತೆ. ಕೊಡಬೇಡಿ. ಜನ ನಿಮ್ಮನ್ನು ನಂಬಿ ನಂಬರ್ ಬರೆದಿದ್ದಾರೆ, ಅದು ನಿಮ್ಮ ಆಸ್ತಿ ಅಲ್ಲ. ಕೇಳದೆ ಕೊಡುವುದು ಸರಿಯಲ್ಲ ಅಂತ 2023ರಲ್ಲಿ ಬಂದ ವೈಯಕ್ತಿಕ ದತ್ತಾಂಶದ ಕಾಯ್ದೆಯೂ ಹೇಳುತ್ತದೆ, ಕಾಯ್ದೆ ಇಲ್ಲದಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ. ಅಷ್ಟಕ್ಕೂ ನಿಮಗೆ ಬೇಕಾದ ದುಡ್ಡು ಎಷ್ಟು? ಶಾಲೆಯ ಒಂದು ಕೋಣೆ ಭಾನುವಾರ ಖಾಲಿ ಇರುತ್ತದೆ, ಹೆಡ್‌ಮಾಸ್ತರರನ್ನು ಕೇಳಿ. ಚಹಾ ಮಿರ್ಚಿಗೆ ಕೆಲಸದಲ್ಲಿರುವವರು ಚಂದಾ ಹಾಕಲಿ, ವಿದ್ಯಾರ್ಥಿಗಳ ಹತ್ತಿರ ತಗೊಳ್ಳಬೇಡಿ. ಲೆಕ್ಕವನ್ನು ಅಲ್ಲೇ ಬೋರ್ಡಿನ ಮೇಲೆ ಬರೆಯಿರಿ.

ಬೆಂಗಳೂರಿನ ಭಾಷಣಕಾರರ ವಿಷಯ ಬಾಕಿ ಇದೆ. ಅವರನ್ನು ಬೇರೆಲ್ಲೂ ಹುಡುಕಬೇಡಿ, ನೀವು ಕಳಿಸಿಕೊಟ್ಟ ಹುಡುಗರೇ ಇದ್ದಾರಲ್ಲ. ಜಾತ್ರೆಗೆ, ದೀಪಾವಳಿಗೆ ಅವರೆಲ್ಲ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬಂದೇ ಬರುತ್ತಾರೆ. ಆ ವಾರದಲ್ಲಿ ಒಂದು ಸಭೆ ಇಡಿ, ಕೆಲಸ ಹೇಗೆ ಸಿಕ್ಕಿತು ಅನ್ನುವುದು ಬೇಡ, ಮಾಡುತ್ತಿರುವ ಕೆಲಸ ಏನು, ಎಲ್ಲಿ ಸಿಕ್ಕಿಹಾಕಿಕೊಂಡರು ಅನ್ನುವುದನ್ನು ಕೇಳಿ.

ಮತ್ತೆ, ಎಲ್ಲವನ್ನೂ ನೀವೊಬ್ಬರೇ ಹೊರಬೇಡಿ. ಕೋಣೆಯ ಕೀಲಿ ಒಬ್ಬರ ಹತ್ತಿರ, ಚಹಾ ಇನ್ನೊಬ್ಬರದ್ದು, ಮಾತಾಡುವವರನ್ನು ಒಪ್ಪಿಸುವುದು ಮತ್ತೊಬ್ಬರದ್ದು. ನಿಮಗೆ ಜ್ವರ ಬಂದ ಭಾನುವಾರವೂ ಬಾಗಿಲು ತೆರೆಯಬೇಕು. ಮುಂದಿನ ಎರಡು ಸಭೆಯಲ್ಲಿ ಒಂದಕ್ಕೆ ನೀವು ಬೇಕೆಂತಲೇ ತಡವಾಗಿ ಹೋಗಿ ನೋಡಿ.

ನಮ್ಮ ಪತ್ರಿಕೆಯಲ್ಲಿ ಪ್ರಕಟಣೆ ಹಾಕುತ್ತೀರಾ ಅಂತ ಕೊನೆಗೆ ಕೇಳಿದ್ದೀರಿ. ಹಾಕುತ್ತೇವೆ, ದುಡ್ಡು ಬೇಡ. ತಿಂಗಳ 20ರೊಳಗೆ ದಿನ, ವೇಳೆ, ಸ್ಥಳ ಮೂರೇ ಸಾಲಿನಲ್ಲಿ ಕಳಿಸಿ. ವೇದಿಕೆಯ ಮೇಲೆ ಸಾಲಾಗಿ ಕೂತ ಫೋಟೊ ಕಳಿಸಬೇಡಿ. ಅದರ ಬದಲು ಯಲಬುರ್ಗಾದವರ ಪಟ್ಟಿಯ ಕಥೆಯನ್ನು ಅವರಿಂದಲೇ ಅರ್ಧ ಪುಟ ಬರೆಸಿ ಕಳಿಸಿ, ನಮ್ಮ ಕಚೇರಿಯ ಹಳೆಯ ಸಂಚಿಕೆಗಳೆಲ್ಲ ಇನ್ನೂ ನುಡಿಯಲ್ಲೇ ಬಿದ್ದಿವೆ.

— ಸಂಪಾದಕ