ಒಂದೇ ಕಿಟ್, ಒಂದೇ ವಿಧಾನ. ಆದರೂ ಪ್ಲಾಸ್ಮಾದ (ರಕ್ತಕಣ ಬಿಟ್ಟು ಉಳಿದ ದ್ರವದ) ಮೈಕ್ರೋಆರ್‌ಎನ್‌ಎ, ಅಂದರೆ ‘ಮೈಆರ್’ ಎಂಬ ಪುಟ್ಟ ಆರ್‌ಎನ್‌ಎ ತುಣುಕುಗಳ ಫಲಿತಾಂಶ ಬ್ಯಾಚ್‌ನಿಂದ ಬ್ಯಾಚ್‌ಗೆ ಏಕೆ ಬದಲಾಗುತ್ತದೆ?

ಮೊದಲ ಬ್ಯಾಚ್‌ನ ರೋಗಿಗಳಲ್ಲಿ ಮೈಆರ್-486 ಹೆಚ್ಚು ಕಂಡಿತು, ಎರಡನೆಯದರಲ್ಲಿ ಆ ಏರಿಕೆ ಕಾಣಲಿಲ್ಲ ಅಂದಿದ್ದೀರಿ. ನಾರ್ಮಲೈಸ್ ಮಾಡಿದ್ದು, ಅಂದರೆ ಹೋಲಿಕೆಯ ಅಳತೆಗೋಲಾಗಿ ಇಟ್ಟುಕೊಂಡದ್ದು ಮೈಆರ್-16. ಕಿಟ್ ಮೇಲೆ ಗುಮಾನಿ ಪಡುವ ಮುನ್ನ ರಕ್ತ ಒಡೆದಿದೆಯೇ ನೋಡಿ. ಇವೆರಡೂ ಕೆಂಪು ರಕ್ತಕಣದಲ್ಲಿ ತುಂಬಿ ತುಳುಕುವಂಥವು. ತೆಳು ಸೂಜಿಯಲ್ಲಿ ಜೋರಾಗಿ ಎಳೆದರೆ ಸಾಕು, ಕಣ ಒಡೆದು ಎರಡೂ ಏರುತ್ತವೆ. ಅಳೆಯುವುದೂ ಅಳತೆಗೋಲೂ ಒಟ್ಟಿಗೇ ಜಾರಿದರೆ ಲೆಕ್ಕ ನಿಲ್ಲುವುದೆಲ್ಲಿ?

ಕಣ್ಣಿಗೆ ಗುಲಾಬಿ ಬಣ್ಣ ಕಾಣುವಷ್ಟು ಒಡೆಯಬೇಕೆಂದೇನಿಲ್ಲ. 414 ನ್ಯಾನೋಮೀಟರ್‌ನಲ್ಲಿ ಹೀರಿಕೆ ಅಳೆಯಿರಿ, 0.2 ದಾಟಿದ ಮಾದರಿಯನ್ನು ಅನುಮಾನಿಸಿ (ಕೊಬ್ಬು ಹೆಚ್ಚಿರುವ ಪ್ಲಾಸ್ಮಾದಲ್ಲಿ ಈ ಅಂಕಿ ಮೋಸ ಮಾಡುತ್ತದೆ). ಪಿಸಿಆರ್‌ನಲ್ಲಾದರೆ ರಕ್ತ ಒಡೆದರೂ ಅಷ್ಟಾಗಿ ಬದಲಾಗದ ಮೈಆರ್-23ಎ ಸಿಕ್ಯೂನಿಂದ (ಸಿಕ್ಯೂ ಅಂದರೆ ಸಂಕೇತ ಕಾಣಿಸಿಕೊಳ್ಳುವ ಸುತ್ತಿನ ಸಂಖ್ಯೆ; ಪ್ರಮಾಣ ಹೆಚ್ಚಿದ್ದಷ್ಟೂ ಕಡಿಮೆ) ಕೆಂಪುಕಣದಲ್ಲಿ ತುಂಬಿರುವ ಮೈಆರ್-451ಎ ಸಿಕ್ಯೂ ಕಳೆಯಿರಿ: 5ಕ್ಕಿಂತ ಕಡಿಮೆ ಬಂದರೆ ಚಿಂತೆಯಿಲ್ಲ, 7 ಮೀರಿದರೆ ಆ ಮಾದರಿಯನ್ನು ನಾನಂತೂ ವಿಶ್ಲೇಷಣೆಗೆ ಸೇರಿಸುವುದಿಲ್ಲ.

ಎರಡನೇ ಕಾಟ ಪ್ಲೇಟ್‌ಲೆಟ್‌ಗಳದು, ಇದನ್ನು ಬಹುತೇಕರು ಮರೆಯುತ್ತಾರೆ. ಸೆಂಟ್ರಿಫ್ಯೂಜ್‌ನಲ್ಲಿ ಒಂದೇ ಸಲ ತಿರುಗಿಸಿದ ಪ್ಲಾಸ್ಮಾದಲ್ಲಿ ಅವು ಉಳಿದಿರುತ್ತವೆ, ಫ್ರೀಜ್ ಮಾಡಿ ಕರಗಿಸಿದಾಗ ಒಡೆದು ಮೈಆರ್-223, ಮೈಆರ್-126 ಸುರಿಯುತ್ತವೆ. ಫ್ರೀಜ್ ಆದಮೇಲೆ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಇಡಿಟಿಎ (ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬ್‌ನಲ್ಲಿ ರಕ್ತ ತೆಗೆದು, ಎರಡು ಗಂಟೆಯೊಳಗೆ 2,500 ಜಿ ಬಲದಲ್ಲಿ 15 ನಿಮಿಷ ತಿರುಗಿಸಿ. ಕೆಳಗಿನ ಬಿಳಿಪದರದಿಂದ ಅರ್ಧ ಸೆಂಟಿಮೀಟರ್ ಮೇಲೆಯೇ ಪಿಪೆಟ್ ನಿಲ್ಲಿಸಿ, ತೆಗೆದದ್ದನ್ನು ಹೊಸ ಟ್ಯೂಬ್‌ನಲ್ಲಿ ಇನ್ನೊಮ್ಮೆ ಹಾಗೆಯೇ ತಿರುಗಿಸಿ. ಆಮೇಲೆ ಸಣ್ಣ ಪಾಲುಗಳಾಗಿ ಮೈನಸ್ 80 ಡಿಗ್ರಿಗೆ. ಹೆಪಾರಿನ್ ಟ್ಯೂಬ್ ಬೇಡ, ಅದು ಪಿಸಿಆರ್ ಕಿಣ್ವವನ್ನೇ ತಡೆಯುತ್ತದೆ. ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ) ಮತ್ತು ಪ್ಲಾಸ್ಮಾವನ್ನು ಒಂದೇ ಅಧ್ಯಯನದಲ್ಲಿ ಬೆರೆಸಲೇಬೇಡಿ: ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳು ಒಳಗಿದ್ದುದನ್ನು ಹೊರಹಾಕುತ್ತವೆ.

ಆರ್‌ಎನ್‌ಎ ತೆಗೆಯುವಾಗ ನ್ಯಾನೋಡ್ರಾಪ್ (ಬೆಳಕಿನ ಹೀರಿಕೆಯಿಂದ ಆರ್‌ಎನ್‌ಎ ಪ್ರಮಾಣ ಅಳೆಯುವ ಯಂತ್ರ) ಅಂಕಿ ನಂಬಬೇಡಿ, ಪ್ರಮಾಣ ಅಷ್ಟು ಕಡಿಮೆ. ಎಲ್ಲ ಮಾದರಿಗೂ 200 ಮೈಕ್ರೋಲೀಟರ್ ಎಂದು ಗಾತ್ರವನ್ನೇ ಸಮ ಮಾಡಿ. ನಷ್ಟ ಅಳೆಯಲು ಹೊರಗಿನಿಂದ ಹಾಕುವ ಹುಳುವಿನ ಮೈಆರ್, ಸಿಇಎಲ್-ಮೈಆರ್-39, ಸೇರಿಸುವುದು ಲೈಸಿಸ್ ಬಫರ್ (ಮಾದರಿಯನ್ನು ಒಡೆಯುವ ದ್ರಾವಣ) ಬೆರೆತ ಮೇಲೆಯೇ. ಮೊದಲೇ ಹಾಕಿದರೆ ಪ್ಲಾಸ್ಮಾದ ಆರ್‌ಎನ್‌ಏಸ್ (ಆರ್‌ಎನ್‌ಎ ಕತ್ತರಿಸುವ ಕಿಣ್ವ) ಅದನ್ನು ನಿಮಿಷಗಳಲ್ಲಿ ತಿಂದುಹಾಕುತ್ತದೆ. ಸಿಇಎಲ್-ಮೈಆರ್-39 ಹೇಳುವುದು ಆರ್‌ಎನ್‌ಎ ತೆಗೆಯುವಾಗ ಆದ ನಷ್ಟವನ್ನಷ್ಟೇ, ರಕ್ತ ಒಡೆದದ್ದನ್ನಲ್ಲ. ಅಳತೆಗೋಲಾಗಿ ಬಳಸುವ ಇನ್ನೊಂದು ಆರ್‌ಎನ್‌ಎ, ಯು6, ಕೋಶದೊಳಗಿನದು, ಪ್ಲಾಸ್ಮಾಕ್ಕೆ ಒಗ್ಗದು.

ಕೊನೆಗೆ, ರೋಗಿಗಳ ಟ್ಯೂಬ್ ವಾರ್ಡಿನಿಂದ ಗಂಟೆಗಟ್ಟಲೆ ತಡವಾಗಿ, ಆರೋಗ್ಯವಂತರದ್ದು ಲ್ಯಾಬ್ ಪಕ್ಕದಿಂದಲೇ ಬಂದಿದ್ದರೆ ನೀವು ಅಳೆದದ್ದು ರೋಗವನ್ನಲ್ಲ, ಆ ತಡವನ್ನು. ಎರಡೂ ಗುಂಪನ್ನು ಪ್ರತಿ ಬ್ಯಾಚ್‌ನಲ್ಲಿ ಕಲಸಿ ಓಡಿಸಿ, ರಕ್ತ ತೆಗೆದ ಮತ್ತು ತಿರುಗಿಸಿದ ಸಮಯವನ್ನು ಪ್ರತಿ ಟ್ಯೂಬ್‌ಗೂ ಬರೆದಿಡಿ.