ತೊಕ್ಕೊಟ್ಟಿನ ನಂತರ ದಾರಿ ಬೇರೆ

ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ಕೊಣಾಜೆಯ ಯೂನಿವರ್ಸಿಟಿಗೆ ಯಾವ ಬಸ್, ನಂಬರ್ ನೋಡಿ ಹತ್ತಿದರೆ ಸಾಕಾ ಅಂತ ಕೇಳಿದ್ದೀರಿ. ನಂಬರ್ ಒಂದನ್ನೇ ನಂಬಬೇಡಿ. ತೊಕ್ಕೊಟ್ಟಿನವರೆಗೆ ಎಲ್ಲಾ ಒಂದೇ ದಾರಿಯಂತೆ ಕಾಣುತ್ತದೆ. ಆಮೇಲೆ ಉಳ್ಳಾಲದ್ದು ಬಲಕ್ಕೆ, ತಲಪಾಡಿಯದ್ದು ಹೈವೇಯಲ್ಲಿ ನೇರ, ನಿಮ್ಮದು ಎಡಕ್ಕೆ. ಕೊಣಾಜೆಯವರೆಗೆ ಹೋಗದೆ, ದಾರಿಯಲ್ಲಿ ಸಿಗುವ ದೇರಳಕಟ್ಟೆಯಲ್ಲೇ ಕೊನೆಯಾಗುವ ಬಸ್ಸೂ ಇರಬಹುದು. ಹಾಗಾಗಿ ಹತ್ತುವ ಮೊದಲು "ಯೂನಿವರ್ಸಿಟಿಗೆ ಹೋಗುತ್ತಾ?" ಅಂತಲೇ ಕೇಳಿ.

ಖಾಸಗಿ ಬಸ್ಸಿನವರಿಗೆ ಟೈಮಿಂಗ್‌ನದ್ದೇ ಪೈಪೋಟಿ. ಹಿಂದಿನ ಬಸ್ ಹತ್ತಿರ ಬಂತು ಅಂದರೆ ಕಂಡಕ್ಟರ್ ಬಾಗಿಲಿಗೆ ಬಡಿದು ರೈಟ್ ಹೇಳಿಬಿಡುತ್ತಾರೆ. ವಯಸ್ಸಾದವರು ಇನ್ನೂ ಮೆಟ್ಟಿಲ ಮೇಲೇ ಇರುತ್ತಾರೆ. ಇದು ನಿಜಕ್ಕೂ ಅಪಾಯ, ಅವಸರ ಮಾಡಬೇಡಿ.

ನಿಮ್ಮ ಅಮ್ಮನೂ ಬರುತ್ತಾರಲ್ವಾ? 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಿಗುವ ಉಚಿತ ಟಿಕೆಟ್ ಸರ್ಕಾರಿ ಬಸ್ಸಿಗೆ ಮಾತ್ರ. ಖಾಸಗಿಯಲ್ಲಿ ದುಡ್ಡು ಕೊಡಲೇಬೇಕು, ಚಿಲ್ಲರೆ ಇಟ್ಟುಕೊಳ್ಳಿ.