ಓದುಗರ ಪ್ರಶ್ನೆ: ವರ್ಜಿನ್ ಗೋರ್ಡಾದಲ್ಲಿ ವಿಲ್ಲಾ ಹಿಡಿಯುವ ಮುನ್ನ

ಪ್ರಶ್ನೆ: ಕ್ರಿಸ್‌ಮಸ್ ರಜೆಗೆ ಕೆರಿಬಿಯನ್‌ನ ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲೊಂದಾದ ವರ್ಜಿನ್ ಗೋರ್ಡಾಕ್ಕೆ ಹೊರಟಿದ್ದೇವೆ. ಜೊತೆಯಲ್ಲಿ ಎಪ್ಪತ್ತು ದಾಟಿದ ಅಪ್ಪ-ಅಮ್ಮ, ಇಬ್ಬರು ಮಕ್ಕಳು. ವಾರವಿಡೀ ಹಾಯಿದೋಣಿಯಲ್ಲೇ ಇರುವುದೋ, ವಿಲ್ಲಾ ಹಿಡಿಯುವುದೋ?
– ಓದುಗರು, ನ್ಯೂಜೆರ್ಸಿ

ಉತ್ತರ: ವಿಲ್ಲಾ ಹಿಡಿಯಿರಿ. ದೋಣಿ ಎರಡು ದಿನಕ್ಕೆ ಸಾಕು, ಅದೂ ಕ್ಯಾಪ್ಟನ್ ಸಮೇತ. ಇಲ್ಲಿ ಪೂರ್ವದ ಗಾಳಿ ಸಾಮಾನ್ಯವಾಗಿ 15ರಿಂದ 20 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ವೇಗದಲ್ಲಿ ಬೀಸುತ್ತದೆ. ಡಿಸೆಂಬರ್ ಮಧ್ಯದಿಂದ ಜನವರಿವರೆಗೆ ಅದು 25–30 ನಾಟ್‌ಗೆ ಏರಿ ದಿನಗಟ್ಟಲೆ ನಿಲ್ಲದಿರುವುದುಂಟು. ನಾವಿಕರು ಅದನ್ನು ‘ಕ್ರಿಸ್‌ಮಸ್ ಗಾಳಿ’ ಎಂದೇ ಕರೆಯುತ್ತಾರೆ. ಆಗ ಒಂಟಿ ಒಡಲಿನ ದೋಣಿ ವಾಲಿಕೊಂಡೇ ಸಾಗುತ್ತದೆ, ಹಿರಿಯರಿಗೆ ಒಳಗೆ ನಾಲ್ಕು ಹೆಜ್ಜೆ ಇಡುವುದೂ ಕಷ್ಟ. ಜೋಡಿ ಒಡಲಿನ ಕ್ಯಾಟಮರಾನ್ ಕೇಳಿ. ದೋಣಿಯ ದಿನಗಳನ್ನು ವಾರದ ಆರಂಭಕ್ಕೇ ಇಟ್ಟುಕೊಂಡರೆ ಗಾಳಿ ಜೋರಾದಾಗ ಮುಂದೂಡಲು ಅವಕಾಶವಿರುತ್ತದೆ.

ಚಳಿಗಾಲದಲ್ಲಿ ಅಟ್ಲಾಂಟಿಕ್‌ನ ದೊಡ್ಡ ಅಲೆಗಳು ಉತ್ತರದಿಂದ ಬರುತ್ತವೆ. ಹೆಬ್ಬಂಡೆಗಳಿಗೆ ಹೆಸರಾದ ವರ್ಜಿನ್ ಗೋರ್ಡಾದ ಕಡಲತೀರ ‘ದಿ ಬಾತ್ಸ್’ನಲ್ಲಿ ಕೆಂಪು ಬಾವುಟ ಹಾರಿದರೆ ನೀರಿಗಿಳಿಯಬಾರದು. ಅಲ್ಲಿಗೆ ರಸ್ತೆಯ ಮೂಲಕ ಬೆಳಿಗ್ಗೆಯೇ ಹೋಗಿ, ಹಡಗಿನ ಪ್ರವಾಸಿಗರು ಬರುವ ಮೊದಲು. ಬಂಡೆಗಳ ನಡುವಿನ ದಾರಿಯಲ್ಲಿ ಏಣಿ ಹತ್ತಬೇಕು, ಹಗ್ಗ ಹಿಡಿಯಬೇಕು, ಬಗ್ಗಿ ನೀರಿನಲ್ಲಿ ನಡೆಯಬೇಕು. ಅಪ್ಪ-ಅಮ್ಮನನ್ನು ಆ ದಾರಿಗೆ ಕರೆದೊಯ್ಯಬೇಡಿ. ಮೇಲಿನಿಂದ ಪಕ್ಕದ ಡೆವಿಲ್ಸ್ ಬೇ ಕಡಲತೀರಕ್ಕೆ ಇಳಿಯುವ ಬೇರೆ ಕಾಲುದಾರಿಯಿದೆ. ಮಂಡಿ ಗಟ್ಟಿಯಿದ್ದರೆ ಅವರು ನಿಧಾನವಾಗಿ ಇಳಿಯಬಹುದು.

ತಾರೀಕು ಬದಲಿಸಲಾದರೆ ಏಪ್ರಿಲ್ ಕೊನೆ ಅಥವಾ ಮೇ ಒಳ್ಳೆಯದು: ಗಾಳಿ ಹಿತ, ಬಾಡಿಗೆಯೂ ಇಳಿದಿರುತ್ತದೆ. ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. 2017ರ ಸೆಪ್ಟೆಂಬರ್ 6ರಂದು ಬಂದ ಇರ್ಮಾ ಈ ದ್ವೀಪಗಳನ್ನು ಧ್ವಂಸ ಮಾಡಿತ್ತು. ಆ ತಿಂಗಳುಗಳಲ್ಲಿ ಹೋಗುವವರು, ಚಂಡಮಾರುತ ಬಂದರೆ ಮುಂಗಡ ಹಣ ವಾಪಸ್ ಬರುವುದೇ ಎಂಬುದನ್ನು ಕರಾರಿನಲ್ಲೇ ಬರೆಸಿಕೊಳ್ಳಬೇಕು.

ಪ್ರಶ್ನೆ: ವಿಲ್ಲಾ ಮಾಲೀಕರನ್ನು ಏನೇನು ಕೇಳಬೇಕು? ಅಡುಗೆ ನಾವೇ ಮಾಡಿಕೊಳ್ಳುತ್ತೇವೆ, ಸಸ್ಯಾಹಾರಿಗಳು.
– ಓದುಗರು, ಬೆಂಗಳೂರು

ಉತ್ತರ: ಮೊದಲು ನೀರು ಮತ್ತು ಜನರೇಟರ್. ಇಲ್ಲಿ ನದಿಗಳಿಲ್ಲ. ಹೆಚ್ಚಿನ ಮನೆಗಳಲ್ಲಿ ಛಾವಣಿಯ ಮಳೆನೀರು ನೆಲದಡಿಯ ತೊಟ್ಟಿಗೆ ಇಳಿದು, ಪಂಪಿನಿಂದ ನಲ್ಲಿಗೆ ಬರುತ್ತದೆ. ಹಾಗಾಗಿ ಕರೆಂಟು ಹೋದರೆ ಎಸಿಯ ಜೊತೆ ನಲ್ಲಿಯೂ ನಿಲ್ಲುತ್ತದೆ. ಜನರೇಟರ್ ತಾನಾಗಿ ಚಾಲೂ ಆಗುತ್ತದೆಯೇ, ಪಂಪಿಗೂ ಅದರ ಸಂಪರ್ಕವಿದೆಯೇ, ಒಣ ತಿಂಗಳಲ್ಲಿ ತೊಟ್ಟಿ ಖಾಲಿಯಾದರೆ ಟ್ಯಾಂಕರ್ ಖರ್ಚು ಯಾರದು – ಮೂರಕ್ಕೂ ಲಿಖಿತ ಉತ್ತರ ಪಡೆಯಿರಿ. ಕುಡಿಯಲು ಬಾಟಲಿ ನೀರೇ ಇರಲಿ.

ಎರಡನೆಯದು ಮೆಟ್ಟಿಲು. ಒಳ್ಳೆಯ ನೋಟವಿರುವ ವಿಲ್ಲಾಗಳು ಗುಡ್ಡದ ಇಳಿಜಾರಿನಲ್ಲಿರುತ್ತವೆ. ಕಾರು ನಿಲ್ಲಿಸುವ ಜಾಗದಿಂದ ಮಲಗುವ ಕೋಣೆಗೆ, ಅಲ್ಲಿಂದ ಕಡಲತೀರಕ್ಕೆ ಎಷ್ಟು ಮೆಟ್ಟಿಲು ಎಂದು ಎಣಿಸಿ ಹೇಳಲು ಕೇಳಿ. ಫೋಟೋದಲ್ಲಿ ಇದು ತಿಳಿಯುವುದೇ ಇಲ್ಲ. ಎಸಿ ಮಲಗುವ ಕೋಣೆಗಳಿಗೆ ಮಾತ್ರವೇ, ಅಡುಗೆಮನೆಗೂ ಇದೆಯೇ ಎಂಬುದೂ ಮುಖ್ಯ.

ವಿದ್ಯುತ್ ಅಮೆರಿಕದಂತೆ 110 ವೋಲ್ಟ್. ನಮ್ಮ 230 ವೋಲ್ಟಿನ ಮಿಕ್ಸಿ ಅಲ್ಲಿ ಸರಿಯಾಗಿ ತಿರುಗದು, ಪಿನ್ ಬದಲಿಸುವ ಅಡಾಪ್ಟರ್ ವೋಲ್ಟೇಜ್ ಹೆಚ್ಚಿಸುವುದಿಲ್ಲ. ಸಾರಿನ ಪುಡಿ, ಚಟ್ನಿಪುಡಿ ಮನೆಯಲ್ಲೇ ಮಾಡಿಕೊಂಡು, ಸೀಲ್ ಮಾಡಿ ಒಯ್ಯಿರಿ. ದಿನಸಿ ಬಹುಪಾಲು ಹೊರಗಿನಿಂದ ಹಡಗಿನಲ್ಲಿ ಬರುವುದರಿಂದ ತರಕಾರಿ ದುಬಾರಿ. ದೊಡ್ಡ ಅಂಗಡಿಗಳು ಟಾರ್ಟೋಲಾ ದ್ವೀಪದಲ್ಲಿವೆ.

ಪ್ರಶ್ನೆ: ಪಾಸ್‌ಪೋರ್ಟಿನಲ್ಲಿರುವ ನನ್ನ ಎಚ್-1ಬಿ (ಅಮೆರಿಕದ ಉದ್ಯೋಗ ವೀಸಾ) ಸ್ಟ್ಯಾಂಪ್ ಮುಗಿದಿದೆ, ಅಮೆರಿಕದಲ್ಲಿ ಉಳಿಯುವ ಅವಧಿ ತೋರಿಸುವ ಐ-94 ದಾಖಲೆ ಚಾಲ್ತಿಯಲ್ಲಿದೆ. ಬ್ರಿಟಿಷ್ ವರ್ಜಿನ್ ದ್ವೀಪಗಳಿಗೆ ಹೋಗಿ ಬರಬಹುದೇ?
– ಓದುಗರು, ಡಲ್ಲಾಸ್

ಉತ್ತರ: ಬೇಡ. ಅವಧಿ ಮುಗಿದ ಸ್ಟ್ಯಾಂಪಿನೊಡನೆ ಮೂವತ್ತು ದಿನದೊಳಗೆ ಅಮೆರಿಕಕ್ಕೆ ಮರಳುವ ಸೌಲಭ್ಯ ಎಚ್-1ಬಿಯವರಿಗೆ ಕೆನಡಾ, ಮೆಕ್ಸಿಕೋಗಳಿಗೆ ಮಾತ್ರ. ಕೆರಿಬಿಯನ್ ದ್ವೀಪಗಳಿಗೂ ಅದು ಸಿಗುವುದು ಎಫ್ (ವಿದ್ಯಾರ್ಥಿ) ಮತ್ತು ಜೆ (ವಿನಿಮಯ ಕಾರ್ಯಕ್ರಮ) ವೀಸಾದವರಿಗೆ. ನೀವು ಅಮೆರಿಕಕ್ಕೇ ಸೇರಿದ ಸೇಂಟ್ ಥಾಮಸ್ ಅಥವಾ ಸೇಂಟ್ ಜಾನ್‌ನಲ್ಲಿ ವಿಲ್ಲಾ ನೋಡಿ. ಆದರೂ ಪಾಸ್‌ಪೋರ್ಟ್, ಐ-797 (ಎಚ್-1ಬಿ ಮಂಜೂರಾತಿ ಪತ್ರ) ಜೊತೆಗಿರಲಿ: ಅಲ್ಲಿಂದ ಮರಳುವಾಗ ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ದಾಖಲೆ ಪರಿಶೀಲಿಸುತ್ತಾರೆ. ಅಲ್ಲಿ ದೋಣಿ ಬಾಡಿಗೆಗೆ ಪಡೆದರೆ, ಬ್ರಿಟಿಷ್ ದ್ವೀಪಗಳ ಕಡೆಗೆ ಹೋಗಕೂಡದೆಂದು ಕ್ಯಾಪ್ಟನ್‌ಗೆ ಮೊದಲೇ ತಿಳಿಸಿ. ಎರಡರ ನಡುವಿನ ಕಡಲು ಬಹಳ ಕಿರಿದು.